ಜಪಾನಿನ ಸೇನಾ ಕತ್ತಿಯ ಸಜ್ಜು ಮೂಲದ್ದೇ? ಒರೆಯಿಂದ ಅಲಗಿನ ಬುಡದವರೆಗೆ ನೋಡುವ ಕ್ರಮ

ಜಪಾನಿ ಕತ್ತಿಯ ಚಿತ್ರ ಕಳಿಸಿ ‘ಇದು ಅಸಲಿಯಾ?’ ಎಂದು ಕೇಳುವವರಲ್ಲಿ ಹೆಚ್ಚಿನವರು ಅಲಗಿನ ಚಿತ್ರವನ್ನಷ್ಟೇ ಕಳಿಸುತ್ತಾರೆ. ಆದರೆ ಅಲಗು ಮುನ್ನೂರು ವರ್ಷ ಹಳೆಯದಾಗಿದ್ದು, ಹಿಡಿ ಮತ್ತು ಒರೆ ಹೋದ ವರ್ಷ ಕೂರಿಸಿದ್ದಾಗಿರಬಹುದು. ಅಲಗು ಯುದ್ಧಕಾಲದ ಸಾಧಾರಣ ಮಾಲಾಗಿದ್ದು, ಸಜ್ಜು ಮಾತ್ರ ಒಂದು ಸ್ಕ್ರೂ ಕೂಡ ಬದಲಾಗದೆ ಉಳಿದಿರಲೂಬಹುದು. ಅಲಗಿನ ಪರೀಕ್ಷೆ ಬೇರೆ, ಸಜ್ಜಿನ ಪರೀಕ್ಷೆ ಬೇರೆ. ಇಲ್ಲಿ ಹೇಳುವುದು ಸಜ್ಜಿನದ್ದು: ಒರೆ, ಹಿಡಿ, ಕೈಕಾಪು, ಅವುಗಳ ನಡುವಿನ ಬಿಲ್ಲೆಗಳು, ಕೊಂಡಿಗಳು.

ಪ್ರತಿ ಭಾಗವನ್ನೂ ಬಿಡಿಬಿಡಿಯಾಗಿ ನೋಡಿ ‘ಇದು ಹಳೆಯದು, ಅದೂ ಹಳೆಯದು, ಹಾಗಾಗಿ ಕತ್ತಿ ಮೂಲದ್ದು’ ಎಂದು ಕೂಡಿಸುವಲ್ಲೇ ಜನ ಸೋಲುತ್ತಾರೆ. ಐದು ಕತ್ತಿಗಳ ಅಸಲಿ ಭಾಗಗಳನ್ನು ಸೇರಿಸಿ ಒಂದು ಕತ್ತಿ ಮಾಡುವುದು ಕಷ್ಟವಲ್ಲ. ನೀವು ಹುಡುಕಬೇಕಾದದ್ದು ಈ ಭಾಗಗಳು ಹತ್ತಾರು ವರ್ಷ ಒಟ್ಟಿಗೇ ಇದ್ದವು ಎಂಬುದಕ್ಕೆ ಒಂದರ ಮೇಲೊಂದು ಬಿಟ್ಟ ಗುರುತುಗಳನ್ನು.

ಶುರುಮಾಡುವ ಮೊದಲು: ತಿಕ್ಕಬೇಡಿ

ನಮ್ಮಲ್ಲಿ ಹಿತ್ತಾಳೆ ಕಂಡರೆ ಕೈ ಹುಣಸೆಹಣ್ಣಿಗೆ ಹೋಗುತ್ತದೆ. ದೀಪದ ಕಂಬಕ್ಕೆ ಅದು ಸರಿ. ಕತ್ತಿಯ ಹಿತ್ತಾಳೆ ಭಾಗಗಳ ಮೇಲಿನ ಕಿಲುಬು, ಹಳೆಗಪ್ಪು, ಅಲ್ಲಲ್ಲಿ ಉಳಿದ ಚಿನ್ನದ ನೀರು ಇವೇ ನಿಮ್ಮ ಸಾಕ್ಷಿಗಳು. ಒಮ್ಮೆ ತಿಕ್ಕಿದರೆ ಅರ್ಧ ಪರೀಕ್ಷೆ ಅಲ್ಲಿಗೇ ಮುಗಿಯಿತು. ಬ್ರಾಸೋ, ನಿಂಬೆರಸ, ವಿಬೂತಿ ಯಾವುದೂ ಬೇಡ. ಆಯುಧ ಪೂಜೆಗೆ ಅಲಗಿನ ಮೇಲೆ ಅರಿಸಿನ ಕುಂಕುಮ ಹಚ್ಚುವ ಮನೆಗಳಲ್ಲಿ ಈ ಒಂದು ಕತ್ತಿಗೆ ಒರೆಯಲ್ಲಿಟ್ಟೇ ಹೂವಿಟ್ಟು ಕೈಮುಗಿಯಿರಿ. ಒದ್ದೆ ಕುಂಕುಮ ಒಂದು ರಾತ್ರಿ ಕೂತರೂ ಉಕ್ಕಿನ ಮೇಲೆ ಕಲೆ ಬೀಳುತ್ತದೆ.

ಅಲಗಿನ ಬುಡ, ಅಂದರೆ ಹಿಡಿಯೊಳಗೆ ಅಡಗಿರುವ ನಾಕಾಗೊ ಎಂಬ ಭಾಗದ ತುಕ್ಕನ್ನು ಯಾವ ಕಾರಣಕ್ಕೂ ಕೆರೆಯಬಾರದು. ವಯಸ್ಸು ಹೇಳುವುದು ಆ ತುಕ್ಕೇ. ಕೆರೆದ ಬುಡದಿಂದ ಒಳ್ಳೆಯ ಅಲಗಿನ ಬೆಲೆಯೂ ನೆಲಕಚ್ಚುತ್ತದೆ.

ಬೇಕಾಗುವ ಸಾಮಾನು

ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ, ಸಣ್ಣ ಟಾರ್ಚ್, ನೇರಳಾತೀತ ಬೆಳಕಿನ ಟಾರ್ಚ್, ಸಣ್ಣ ಅಯಸ್ಕಾಂತ, ಅಳತೆ ಟೇಪು, ಬಿಳಿ ಹತ್ತಿ ಬಟ್ಟೆ, ಹತ್ತಿಯ ಕೈಗವಸು, ಫೋನಿನ ಕ್ಯಾಮೆರಾ. ಹಿಡಿಯನ್ನು ಅಲಗಿಗೆ ಬಿಗಿದಿರುವ ಆಣಿಯನ್ನು ತಟ್ಟಿ ಹೊರತೆಗೆಯಲು ಮೆಕುಗಿನುಕಿ ಎಂಬ ಪುಟ್ಟ ಹಿತ್ತಾಳೆ ಸುತ್ತಿಗೆ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ತುದಿ ಮಟ್ಟಸವಾದ ಹಿತ್ತಾಳೆ ಕಡ್ಡಿ ಮತ್ತು ಮರದ ಸಣ್ಣ ಕೊಡತಿ ಸಾಕು. ಕಬ್ಬಿಣದ ಮೊಳೆಯನ್ನು ಹತ್ತಿರಕ್ಕೂ ತರಬೇಡಿ.

ಹಂತ 1: ಮಾದರಿ ಯಾವುದೆಂದು ಗೊತ್ತುಮಾಡಿಕೊಳ್ಳಿ

ಮಾದರಿ ಗೊತ್ತಿಲ್ಲದೆ ‘ಒಂದು ಕೊಂಡಿ ಇಲ್ಲ, ಕಳೆದಿದೆ’ ಎಂದು ತೀರ್ಮಾನಿಸುವುದು ವ್ಯರ್ಥ. ಕೆಲವು ಮಾದರಿಗಳಿಗೆ ಇರುವುದೇ ಒಂದು ಕೊಂಡಿ.

ಮಾದರಿಯ ಅಂಕಿ ಜಪಾನಿನ ಸಾಮ್ರಾಜ್ಯ ವರ್ಷದ ಕೊನೆಯ ಎರಡಂಕಿ. 2594 ಅಂದರೆ ನಮ್ಮ 1934, ಅದು 94ನೇ ಮಾದರಿ. ಸೇನಾಧಿಕಾರಿಗಳ ಈ ಕತ್ತಿಯ ಒರೆಗೆ ಸೊಂಟಪಟ್ಟಿಗೆ ಸಿಕ್ಕಿಸುವ ಕೊಂಡಿ ಎರಡು, ಕೆಳಗಿನದ್ದು ಬಿಚ್ಚಿ ತೆಗೆಯುವಂಥದ್ದು. 1938ರ 98ನೇ ಮಾದರಿಯಲ್ಲಿ ಒಂದೇ ಕೊಂಡಿ. 1935ರ 95ನೇ ಮಾದರಿ ಕೆಳದರ್ಜೆಯ ಅಧಿಕಾರಿಗಳದ್ದು, ಅಂದರೆ ನಮ್ಮ ಲೆಕ್ಕದಲ್ಲಿ ಹವಾಲ್ದಾರರ ಸಾಲಿನವರದ್ದು. ಅದರ ಹಿಡಿ ನೂಲು ಸುತ್ತಿದಂತೆ ಕಂಡರೂ ಹೆಚ್ಚಾಗಿ ಎರಕದ ಲೋಹ. 1937ರ 97ನೇ ಮಾದರಿ ನೌಕಾಪಡೆಯದ್ದು: ಒರೆ ಕಪ್ಪು ಅರಗಿನದ್ದು ಇಲ್ಲವೇ ಮೀನಿನ ಚರ್ಮದ್ದು, ಕೊಂಡಿ ಎರಡು, ಕೈಕಾಪು ಕಪ್ಪು, ಅದರ ಎರಡೂ ಬದಿಯಲ್ಲಿ ಸೂರ್ಯಕಿರಣದಂತೆ ಗೆರೆ ಹರಡಿದ ದೊಡ್ಡ ಬಿಲ್ಲೆ. ಇವಕ್ಕಿಂತ ಮೊದಲಿನದು ಯುರೋಪಿನ ಸವಾರರ ಕತ್ತಿಯಂತೆ ಬೆರಳು ಕಾಯುವ ಬಾಗಿದ ಕಂಬಿಯಿರುವ ಕ್ಯು-ಗುಂತೊ. ಅದರ ಪರೀಕ್ಷೆಯ ದಾರಿ ಬೇರೆಯಾದ್ದರಿಂದ ಇಲ್ಲಿ ಬಿಟ್ಟಿದ್ದೇನೆ.

ಮುಂದಿನ ಎಲ್ಲ ತೀರ್ಪೂ ಒಂದು ವ್ಯತ್ಯಾಸದ ಮೇಲೆ ನಿಂತಿದೆ. 95ನೇ ಮಾದರಿಯನ್ನು ಸರ್ಕಾರವೇ ಮಾಡಿಸಿ ಹಂಚಿತು, ಹಾಗಾಗಿ ಒಂದರಂತೆ ಇನ್ನೊಂದು ಇರಬೇಕು. ಅಧಿಕಾರಿಗಳು ಮಾತ್ರ ತಮ್ಮ ಕತ್ತಿಯನ್ನು ತಾವೇ ಹಣ ಕೊಟ್ಟು ಕೊಳ್ಳುತ್ತಿದ್ದರು. ಕೈಕೋಶಾ ಎಂಬ ಅಧಿಕಾರಿಗಳ ಸಂಘದ ಅಂಗಡಿಯಲ್ಲೋ ಬೇರೆ ಕಡೆಯೋ ಸಜ್ಜು ಮಾಡಿಸುತ್ತಿದ್ದರು, ಮನೆತನದ ಹಳೆಯ ಅಲಗನ್ನು ತಂದು ಹೊಸ ಸಜ್ಜಿನಲ್ಲಿ ಕೂರಿಸುತ್ತಿದ್ದರು. ಅಧಿಕಾರಿಯ ಕತ್ತಿಯಲ್ಲಿ ಕಾಣುವ ವೈವಿಧ್ಯ ತಪ್ಪಲ್ಲ. ಹವಾಲ್ದಾರನ ಕತ್ತಿಯಲ್ಲಿ ಅದೇ ವೈವಿಧ್ಯ ಕಂಡರೆ ಅನುಮಾನಿಸಬೇಕು.

ಹಂತ 2: ಮುಟ್ಟುವ ಮೊದಲು ಚಿತ್ರ ತೆಗೆಯಿರಿ

ಇಡೀ ಕತ್ತಿ ಎರಡೂ ಬದಿ, ಹಿಡಿಯ ತುದಿ, ಕೈಕಾಪು ಒರೆಗೆ ಸೇರುವ ಸಂದು, ಒರೆಯ ತುದಿ. ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ. ಫ್ಲ್ಯಾಶ್ ಬಿದ್ದರೆ ಹೊಸ ಬಣ್ಣವೂ ಹಳೆಯ ಬಣ್ಣವೂ ಒಂದೇ ಥರ ಹೊಳೆಯುತ್ತವೆ.

ಹಿಡಿಯ ತುದಿಯ ಬಳೆಯಲ್ಲಿ ಕುಚ್ಚು ನೇತಾಡುತ್ತಿದ್ದರೆ ಅದರ ಬಣ್ಣ ಬರೆದುಕೊಳ್ಳಿ. ಭೂಸೇನೆಯಲ್ಲಿ ಕಂದು-ನೀಲಿ ಲೆಫ್ಟಿನೆಂಟಿನಿಂದ ಕ್ಯಾಪ್ಟನ್‌ವರೆಗಿನವರದ್ದು, ಕಂದು-ಕೆಂಪು ಮೇಜರಿನಿಂದ ಕರ್ನಲ್‌ವರೆಗಿನವರದ್ದು, ಚಿನ್ನದ ಎಳೆ ಸೇರಿದ್ದು ಜನರಲ್‌ಗಳದ್ದು. ಆದರೆ ಕುಚ್ಚಿನ ಮೇಲೆ ತೀರ್ಪು ಕಟ್ಟಬೇಡಿ. ಗಂಟು ಬಿಚ್ಚಿ ಕಟ್ಟಿದರೆ ಮುಗಿಯುವ ಕೆಲಸವಾದ್ದರಿಂದ ಎಲ್ಲಕ್ಕಿಂತ ಹೆಚ್ಚು ಬದಲಾಗುವ ಭಾಗ ಅದೇ. ‘ಜನರಲ್ಲನ ಕತ್ತಿ’ ಎಂಬ ಮಾತು ಬರೀ ಕುಚ್ಚಿನ ಆಧಾರದ ಮೇಲೆ ಬಂದಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಬಳೆಗೆ ಕಟ್ಟಿದ ಮರದ ಅಥವಾ ಬಟ್ಟೆಯ ಚೀಟಿಯಲ್ಲಿ ಜಪಾನಿ ಬರಹವಿದ್ದರೆ ಅದನ್ನು ಬಿಚ್ಚದೆ ಹಾಗೇ ಬಿಡಿ. ಶರಣಾಗುವಾಗ ಒಡೆಯನ ಹೆಸರು, ಊರು ಬರೆದು ಕಟ್ಟಿದ ಚೀಟಿ ಅದಾಗಿರಬಹುದು.

ಹಂತ 3: ಒರೆ

ಭೂಸೇನೆಯ ಅಧಿಕಾರಿಗಳ ಒರೆ ಸಾಮಾನ್ಯವಾಗಿ ಉಕ್ಕಿನ ಕೊಳವೆ, ಒಳಗೆ ಅಲಗಿಗೆ ತಕ್ಕಂತೆ ಕೆತ್ತಿದ ಮರದ ಅಸ್ತರಿ. ಅಯಸ್ಕಾಂತ ಹಿಡಿಯಲಿಲ್ಲವೆಂದ ಮಾತ್ರಕ್ಕೆ ನಕಲಿ ಎನ್ನಬೇಡಿ, ಅಲ್ಯೂಮಿನಿಯಮ್ ಒರೆಗಳೂ ಇದ್ದವು. ಮರಕ್ಕೆ ಚರ್ಮ ಹೊದಿಸಿದ ರಣರಂಗದ ಒರೆಗಳೂ ಇದ್ದವು.

ಬಣ್ಣವನ್ನು ಕೊಂಡಿಯ ಪಟ್ಟಿಯ ಅಂಚಿನಲ್ಲಿ ನೋಡಿ. ಮೂಲ ಬಣ್ಣವಾದರೆ ಪಟ್ಟಿಯ ಪಕ್ಕದ ಮರೆಯಲ್ಲಿ ಗಾಢವಾಗಿದ್ದು, ತೊಡೆಗೆ ಉಜ್ಜುವ ಬದಿಯಲ್ಲಿ ತೆಳುವಾಗಿರುತ್ತದೆ. ಮತ್ತೆ ಬಳಿದದ್ದಾದರೆ ತಗ್ಗಿನ ಒಳಗೂ ಬಣ್ಣ ನಿಂತಿರುತ್ತದೆ, ಹಿತ್ತಾಳೆ ಪಟ್ಟಿಯ ಅಂಚಿಗೂ ಹತ್ತಿರುತ್ತದೆ, ಸ್ಕ್ರೂವಿನ ಸೀಳಿನಲ್ಲೂ ತುಂಬಿರುತ್ತದೆ. ಬಣ್ಣ ಹೊಸದಾದರೂ ಒರೆ ಮೂಲದ್ದೇ ಆಗಿರಬಹುದು. ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಿ.

ಒರೆಯ ಬಾಯಿಯ ಲೋಹದ ಪಟ್ಟಿಗೆ ಪಕ್ಕದಲ್ಲಿ ಸ್ಕ್ರೂ ಇರುತ್ತದೆ. ಅದರ ಸೀಳು ಕಿತ್ತುಹೋಗಿದ್ದರೆ ಯಾರೋ ಬಿಚ್ಚಿದ್ದಾರೆ. ನೀವು ಬಿಚ್ಚಬೇಡಿ. ಹಳೆಯ ಸ್ಕ್ರೂ ಮುರಿದರೆ ಅದರ ಜೋಡಿ ಸಿಗುವುದಿಲ್ಲ.

ಈಗ ಕತ್ತಿ ಹಿರಿಯುವುದು. ಅಂಚು ಮೇಲಕ್ಕಿರಲಿ, ಬೆನ್ನು ಒರೆಯ ಮರದ ಮೇಲೆ ಜಾರುತ್ತ ಬರಲಿ, ಒರೆ ಹಿಡಿದ ಕೈಯ ಬೆರಳು ಬಾಯಿಯಿಂದ ಹಿಂದಿರಲಿ. ಮೂಲದ ಜೋಡಿಯಾದರೆ ಅಲಗಿನ ಬುಡದ ಲೋಹದ ಕವಚ, ಅಂದರೆ ಹಬಾಕಿ, ಒರೆಯ ಬಾಯಿಗೆ ಬಿಗಿಯಾಗಿ ಕೂತು ಸ್ವಲ್ಪ ಒತ್ತಡಕ್ಕೆ ಬಿಡುತ್ತದೆ. ಒಳಗೆ ಹೋಗುವಾಗ ಅಲಗು ಒಂದೇ ಕಡೆ ಉಜ್ಜಿದರೆ, ಅರ್ಧಕ್ಕೆ ಸಿಕ್ಕಿಕೊಂಡರೆ, ಒಳಗೆ ಲೊಡಲೊಡ ಅಲ್ಲಾಡಿದರೆ, ಆ ಮರ ಬೇರೊಂದು ಬಾಗಿಗೆ ಕೆತ್ತಿದ್ದು. ಹಬಾಕಿಗೂ ಬಾಯಿಗೂ ನಡುವೆ ಹೊಸ ಮರದ ಚಕ್ಕೆ, ಕಾಗದ, ಬಟ್ಟೆ ತುರುಕಿದ್ದರೆ ಗಮನಿಸಿ. ಬಾಯಿ ಸವೆದದ್ದಕ್ಕೆ ಯಾರೋ ಮಾಡಿದ ದುರಸ್ತಿ ಇದ್ದೀತು, ಬೇರೆ ಒರೆಯನ್ನು ಹೊಂದಿಸಿದ್ದೂ ಇದ್ದೀತು.

ಒರೆ ಉದ್ದ, ಅಲಗು ಗಿಡ್ಡ ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸಬೇಡಿ. ಮನೆಯ ಗಿಡ್ಡ ಅಲಗನ್ನು ನಿಯಮದ ಉದ್ದದ ಒರೆಯಲ್ಲಿ ಕೂರಿಸಿದ ಅಧಿಕಾರಿಗಳಿದ್ದರು.

ಹಂತ 4: ಹಿಡಿಯ ಹೊರಮೈ

ಮರದ ಮೇಲೆ ತೊರಕೆ ಮೀನಿನ ಚರ್ಮ, ಅದರ ಮೇಲೆ ನೂಲಿನ ಪಟ್ಟಿ, ನಡುವೆ ಮೂರು ಚೆರ್ರಿ ಹೂವಿನ ಲೋಹದ ಅಲಂಕಾರ. ಅಧಿಕಾರಿಗಳ ಹಿಡಿ ಇಷ್ಟೇ. ಯುದ್ಧ ಮುಂದುವರಿದಂತೆ ಚರ್ಮದ ಬದಲು ಸೆಲ್ಯುಲಾಯ್ಡ್ ಬಂದದ್ದೂ ಉಂಟು.

ಪಟ್ಟಿಯ ಹೆಣಿಗೆಯನ್ನು ಎಣಿಸಿ ನೋಡಿ. ಒಂದು ಗಂಟಿನಲ್ಲಿ ಎಡದ ಪಟ್ಟಿ ಮೇಲೆ ಬಂದರೆ ಮುಂದಿನದರಲ್ಲಿ ಬಲದ್ದು ಮೇಲೆ ಬರಬೇಕು. ಅಗ್ಗದ ನಕಲಿಗಳಲ್ಲಿ ಒಂದೇ ಬದಿ ಮತ್ತೆ ಮತ್ತೆ ಮೇಲೆ ಬರುತ್ತದೆ, ವಜ್ರಾಕಾರದ ಕಿಟಕಿಗಳು ಒಂದು ದೊಡ್ಡದು ಒಂದು ಚಿಕ್ಕದು. ಆಮೇಲೆ ಬಣ್ಣ: ಅಂಗೈ ತಾಗುವಲ್ಲಿ ಮಾಸಿ, ಮಡಿಕೆಯ ಒಳಗೆ ಮೂಲ ಬಣ್ಣ ಉಳಿದಿರಬೇಕು. ಎಲ್ಲೆಡೆ ಒಂದೇ ಸಮ ಕೊಳೆ ಇದ್ದರೆ ಅದು ಚಹಾ ಡಿಕಾಕ್ಷನ್‌ನಲ್ಲಿ ಅದ್ದಿದ ವಯಸ್ಸು. ಮೀನಿನ ಚರ್ಮದ ಗುಳ್ಳೆಗಳ ನಡುವೆ ಬೆವರು, ಧೂಳು ಗಟ್ಟಿಯಾಗಿ ಕೂತಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ.

ಕತ್ತಲೆ ಕೋಣೆಯಲ್ಲಿ ನೇರಳಾತೀತ ಬೆಳಕು ಬಿಡಿ. ಇಂದಿನ ನೂಲು ಮತ್ತು ಸೋಪಿನಪುಡಿಗಳಲ್ಲಿರುವ ಬಿಳುಪುಕಾರಕ ನೀಲಿಯಾಗಿ ಮಿಂಚುತ್ತದೆ. ಮಿಂಚಿದರೆ ಪಟ್ಟಿ ಹೊಸದು, ಇಲ್ಲವೇ ಯಾರೋ ಒಗೆದಿದ್ದಾರೆ. ಮಿಂಚದಿದ್ದರೆ ಏನೂ ಸಾಬೀತಾಗಲಿಲ್ಲ.

ಲೋಹದ ಹೂವುಗಳಲ್ಲಿ ಎಸಳಿನ ತುದಿಯ ಸೀಳು, ಕೇಸರದ ಗೆರೆ, ಹಿನ್ನೆಲೆಯ ಸಣ್ಣ ಚುಕ್ಕಿ ಮೇಲ್ಮೈ ಇವು ಚುರುಕಾಗಿರಬೇಕು. ಸವೆತ ಉಬ್ಬಿನಲ್ಲಿ ಮಾತ್ರ ಕಾಣಬೇಕು. ತಗ್ಗೂ ಮೊಂಡಾಗಿದ್ದರೆ ಅದು ಸವೆತವಲ್ಲ, ಅಚ್ಚಿನ ಮೇಲೆ ಅಚ್ಚು ತೆಗೆದ ಎರಕ. ಎರಕದ ಸಣ್ಣ ಗುಂಡಿಗಳು, ತಗ್ಗುಗಳಲ್ಲಿ ಒಂದೇ ಸಮ ತುಂಬಿದ ಕಪ್ಪು ಬಣ್ಣ ಇವೆರಡೂ ಒಟ್ಟಿಗೆ ಕಂಡರೆ ನಕಲಿಯ ಅನುಮಾನ ಬಲವಾಗುತ್ತದೆ.

ಹಂತ 5: ಕಳಚುವುದು

ಹಿಡಿಯ ಪಕ್ಕದಲ್ಲಿ ಬಿದಿರಿನ ಆಣಿಯಿದೆ, ಅದೇ ಮೆಕುಗಿ. ಒಂದು ತುದಿ ಸಣ್ಣ, ಇನ್ನೊಂದು ದಪ್ಪ. ಸಣ್ಣ ತುದಿಯ ಕಡೆಯಿಂದ ಮೆಲ್ಲಗೆ ತಟ್ಟಿ. ಇನ್ನೊಂದು ಆಣಿಯೋ ಸ್ಕ್ರೂವೋ ಇದೆಯೇ ಎಂದು ನೋಡಿ ಅದನ್ನೂ ತೆಗೆಯಿರಿ. ಅದನ್ನು ಕಾಣದೆ ಎಳೆದಾಡಿ ಹಿಡಿ ಸೀಳಿದವರಿದ್ದಾರೆ.

ಆಣಿ ಬಂದ ಮೇಲೆ ಎಡಗೈಯಲ್ಲಿ ಹಿಡಿ ಹಿಡಿದು, ಅಲಗನ್ನು ಮೇಲಕ್ಕೆ ಸ್ವಲ್ಪ ಓರೆಯಾಗಿ ನಿಲ್ಲಿಸಿ, ಬಲ ಮುಷ್ಟಿಯಿಂದ ಎಡ ಮಣಿಕಟ್ಟಿನ ಮೇಲೆ ತಟ್ಟಿ. ಅಲಗು ಎದ್ದು ಬರುತ್ತದೆ. ಬಾರದಿದ್ದರೆ ನಿಲ್ಲಿಸಿ. ಕೈಕಾಪನ್ನು ಸುತ್ತಿಗೆಯಿಂದ ಹೊಡೆಯುವುದು, ಎಣ್ಣೆ ಬಿಡುವುದು, ಬಿಸಿ ಮಾಡುವುದು ಯಾವುದೂ ಬೇಡ. ಎಂಬತ್ತು ವರ್ಷ ಹೊರಬಾರದ ಬುಡ ಹಾಗೇ ಅಂಟಿಕೊಂಡಿದ್ದರೆ ಅದೇ ನಿಮ್ಮ ಪರವಾದ ಸಾಕ್ಷಿ.

ಹೊರಬಂದ ಒಂದೊಂದು ಬಿಲ್ಲೆಯನ್ನೂ ಬಂದ ಕ್ರಮದಲ್ಲೇ, ಬಂದ ಮುಖವೇ ಮೇಲಿರುವಂತೆ ಬಟ್ಟೆಯ ಮೇಲೆ ಸಾಲಾಗಿ ಇಡಿ. ಒಂದು ಚಿತ್ರ ತೆಗೆಯಿರಿ.

ಹಂತ 6: ಕೈಕಾಪು ಮತ್ತು ಸೆಪ್ಪಾಗಳು

ನಿಜವಾದ ಉತ್ತರ ಹೆಚ್ಚಾಗಿ ಇಲ್ಲೇ ಸಿಗುವುದರಿಂದ ಅರ್ಧ ಗಂಟೆ ಹೋದರೂ ಚಿಂತೆಯಿಲ್ಲ.

ಕೈಕಾಪು, ಅಂದರೆ ತ್ಸುಬಾದ ಎರಡೂ ಬದಿಗೆ ಸೆಪ್ಪಾ ಎಂಬ ತೆಳು ಬಿಲ್ಲೆಗಳು ಒಂದರ ಮೇಲೊಂದು ಇರುತ್ತವೆ. ಸಜ್ಜು ಕೂರಿಸಿದವನು ಒಂದೇ ಕತ್ತಿಯ ಬಿಲ್ಲೆಗಳು ಬೆರೆಯದಿರಲಿ ಎಂದು ಅವುಗಳ ಮೇಲೆ, ತ್ಸುಬಾದ ಮೇಲೆ, ಹಿಡಿಯ ಬಾಯಿಪಟ್ಟಿಯ ಮೇಲೆ ಒಂದೇ ಅಂಕಿ ಒತ್ತಿರುತ್ತಿದ್ದ. ಎಲ್ಲದರ ಮೇಲೂ ಅದೇ ಅಂಕಿ ಇದ್ದರೆ ಒಳ್ಳೆಯ ಲಕ್ಷಣ. ಅದು ಕತ್ತಿಯ ಕ್ರಮಸಂಖ್ಯೆಯಲ್ಲ, ಜೋಡಣೆಯ ಗುರುತು ಮಾತ್ರ. ಅದನ್ನು ಹಿಡಿದು ಒಡೆಯನನ್ನು ಹುಡುಕಲಾಗದು.

ಅಂಕಿ ಇಲ್ಲದ ಅಸಲಿ ಕತ್ತಿಗಳೂ ಇವೆ. ಅಂಕಿ ಒತ್ತುವುದು ನಕಲಿ ಮಾಡುವವರಿಗೂ ಗೊತ್ತು. ಅದಕ್ಕೇ ಅಂಕಿಗಿಂತ ನೆರಳನ್ನು ನಾನು ಹೆಚ್ಚು ನಂಬುತ್ತೇನೆ. ದಶಕಗಳ ಕಾಲ ಬಿಲ್ಲೆ ಕೂತಿದ್ದ ಜಾಗದಲ್ಲಿ ತ್ಸುಬಾದ ಲೋಹ ಗಾಳಿ ಕಾಣದೆ ಒಂದು ಬಣ್ಣ, ಅದರ ಹೊರಗೆ ಕಿಲುಬು ಹತ್ತಿ ಇನ್ನೊಂದು ಬಣ್ಣ. ಗೋಡೆಯಿಂದ ಹಳೆಯ ಫೋಟೊ ತೆಗೆದಾಗ ಕಾಣುವ ಚೌಕದಂತೆ. ಬಿಲ್ಲೆಯನ್ನು ಆ ನೆರಳಿನ ಮೇಲಿಟ್ಟು ನೋಡಿ: ಅಂಚಿಗೆ ಅಂಚು ಕೂತರೆ ಅವೆರಡೂ ಬಹುಕಾಲ ಒಟ್ಟಿಗಿದ್ದವು. ನೆರಳು ದೊಡ್ಡದು ಬಿಲ್ಲೆ ಚಿಕ್ಕದು, ಅಥವಾ ಎರಡು ನೆರಳು ಒಂದರ ಮೇಲೊಂದು ಕಂಡರೆ ಭಾಗ ಬದಲಾಗಿದೆ. ಪ್ರತಿ ಬಿಲ್ಲೆಯ ನಡುವೆಯೂ ಇದನ್ನೇ ಮಾಡಿ.

ಒರೆಗೆ ಚಿಲಕ ಹಾಕುವ ಗುಂಡಿಯಿರುವ ಕತ್ತಿಗಳಲ್ಲಿ ಆ ಚಿಲಕ ತ್ಸುಬಾ ಮತ್ತು ಬಿಲ್ಲೆಗಳ ಸೀಳಿನ ಮೂಲಕ ಹಾದುಹೋಗುತ್ತದೆ. ಸೀಳುಗಳು ಒಂದೇ ಗೆರೆಯಲ್ಲಿವೆಯೇ? ಒಂದು ಬಿಲ್ಲೆಯ ಸೀಳನ್ನು ಮಾತ್ರ ಅರದಿಂದ ಉಜ್ಜಿ ಅಗಲಮಾಡಿದ್ದರೆ ಅದು ಬೇರೆ ಕತ್ತಿಯದ್ದು. ಅರದ ಗೆರೆ ಹಳದಿಯಾಗಿ ಹೊಳೆದರೆ ಕೆಲಸ ಇತ್ತೀಚಿನದು.

ಕೊನೆಗೆ ಅಲ್ಲಾಟ. ಎಲ್ಲ ಬಿಲ್ಲೆ ಸೇರಿಸಿದಾಗ ತ್ಸುಬಾ ಕದಲಬಾರದು. ಅಲ್ಲಾಡಿದರೆ ಒಂದು ಬಿಲ್ಲೆ ಕಳೆದಿದೆ, ಅಥವಾ ಅಲಗು ಬದಲಾಗಿದೆ.

ಹಂತ 7: ಹಿಡಿಯ ಒಳಗೆ

ಟಾರ್ಚ್ ಬಿಟ್ಟು ಹಿಡಿಯ ಪೊಟರೆ ನೋಡಿ. ಅಲಗಿನ ಬುಡದ ತುಕ್ಕು ಮರದ ಮೇಲೆ ತನ್ನದೇ ಆಕಾರದ ಕಂದು ಕಲೆ ಬಿಟ್ಟಿರುತ್ತದೆ. ಕಲೆಯ ಉದ್ದ, ತುದಿಯ ಆಕಾರ ಈ ಬುಡಕ್ಕೆ ಹೊಂದಬೇಕು. ಕಲೆ ಉದ್ದವಾಗಿದ್ದು ಬುಡ ಗಿಡ್ಡವಾಗಿದ್ದರೆ ಈ ಹಿಡಿಯಲ್ಲಿ ಮೊದಲು ಬೇರೆ ಅಲಗಿತ್ತು. ಒಳಮರ ಬಿಳಿಯಾಗಿದ್ದು ಉಳಿಯ ಗುರುತು ಹಸಿಹಸಿಯಾಗಿದ್ದರೆ ಪೊಟರೆಯನ್ನು ಈಚೆಗೆ ಕೊರೆದಿದ್ದಾರೆ.

ಹಿಡಿಯ ಆಣಿತೂತು ಮತ್ತು ಬುಡದ ತೂತು ಸರಿಯಾಗಿ ಎದುರುಬದುರಿರಬೇಕು. ಬುಡದಲ್ಲಿ ಎರಡು ಮೂರು ತೂತಿದ್ದರೆ ಗಾಬರಿಯಾಗಬೇಡಿ. ಹಳೆಯ ಅಲಗನ್ನು ಮೋಟು ಮಾಡಿದಾಗ, ಹೊಸ ಹಿಡಿಗೆ ಕೂರಿಸಿದಾಗ ಹೊಸ ತೂತು ಕೊರೆಯುತ್ತಿದ್ದರು. ನೋಡಬೇಕಾದದ್ದು ಹಿಡಿಯನ್ನು: ಅದರ ಮರದಲ್ಲಿ ಮುಚ್ಚಿದ ತೂತು, ಮೀನಿನ ಚರ್ಮದಲ್ಲಿ ಹರಿದು ದೊಡ್ಡದಾದ ತೂತು ಇದ್ದರೆ ಹಿಡಿಯೇ ಹೊರಗಿನದು.

ಬುಡದ ಮೇಲೆ ಕೆಂಪು ಅಥವಾ ಬಿಳಿ ಬಣ್ಣದಲ್ಲಿ ಕುಂಚದಿಂದ ಬರೆದ ಅಂಕಿ ಕಂಡರೆ ಉಸಿರು ಬಿಗಿಹಿಡಿದು ಚಿತ್ರ ತೆಗೆಯಿರಿ, ಬೆರಳು ತಾಗಿಸಬೇಡಿ. ಸಜ್ಜಿನ ಅಂಗಡಿಯವನು ಅಲಗಿಗೆ ಹಾಕಿದ ಗುರುತು ಅದು. ಬಿಲ್ಲೆಗಳ ಅಂಕಿಯ ಜೊತೆ ಅದು ತಾಳೆಯಾದರೆ ಇದಕ್ಕಿಂತ ಬಲವಾದ ಸಾಕ್ಷಿ ಸಿಗುವುದು ಅಪರೂಪ.

ಬುಡದ ಮೇಲಿನ ಒತ್ತುಮುದ್ರೆಗಳು, ಅಂದರೆ ನಕ್ಷತ್ರ, ಲಂಗರು, ಸೆಕಿ ಊರಿನ ಮುದ್ರೆ ಇವೆಲ್ಲ ಅಲಗಿನ ವಿಚಾರ ಹೇಳುತ್ತವೆ, ಸಜ್ಜಿನದ್ದಲ್ಲ. ಲಂಗರು ನೌಕಾಪಡೆಯ ಗುರುತು; ಆ ಮುದ್ರೆಯ ಅಲಗು ಭೂಸೇನೆಯ ಸಜ್ಜಿನಲ್ಲಿದ್ದರೆ ಮಾತ್ರ ಮತ್ತೆ ಹಂತ 6ಕ್ಕೆ ಹೋಗಿ ಎರಡನೇ ಬಾರಿ ನೋಡಿ.

95ನೇ ಮಾದರಿಗೆ ಬೇರೆ ದಾರಿ

ಹವಾಲ್ದಾರರ ಕತ್ತಿಯನ್ನು ಕಳಚುವ ಅಗತ್ಯವೇ ಹೆಚ್ಚಾಗಿ ಬರುವುದಿಲ್ಲ. ಹಿಡಿಯನ್ನು ಹಿಡಿದಿರುವುದು ಬಿದಿರಿನ ಆಣಿಯಲ್ಲ, ಸ್ಕ್ರೂ. ಅಲಗಿನ ಮೇಲೆ ಹಬಾಕಿಯ ಹತ್ತಿರ ಒಂದು ಕ್ರಮಸಂಖ್ಯೆ, ಒರೆಯ ಬಾಯಿಯ ಮೇಲೆ ಒಂದು. ಎರಡೂ ಒಂದೇ ಆಗಿದ್ದರೆ ಜೋಡಿ ಮೂಲದ್ದು. ಬೇರೆ ಬೇರೆಯಾಗಿದ್ದರೆ ಎರಡೂ ಅಸಲಿಯೇ ಇರಬಹುದು, ಜೋಡಿ ಮಾತ್ರ ಅಲ್ಲ. 1945ರಲ್ಲಿ ರಾಶಿ ಹಾಕಿದ ಕತ್ತಿಗಳಲ್ಲಿ ಒರೆಗಳು ಅದಲುಬದಲಾದದ್ದು ಸಹಜ.

ನಕಲಿಗಳು ತುಂಬಾ ಇರುವುದೂ ಈ ಮಾದರಿಯಲ್ಲೇ. ಅಸಲಿ ಹಿಡಿ ಅಲ್ಯೂಮಿನಿಯಮ್, ಹಗುರ. ಮೊದಲ ಕೆಲವು ಕತ್ತಿಗಳದ್ದು ತಾಮ್ರ, ಯುದ್ಧದ ಕೊನೆಯವುಗಳದ್ದು ಗೀರುಗೀರಿನ ಮರ. ಭಾರವಾದ ಹಿತ್ತಾಳೆ ಹಿಡಿ ಕಂಡರೆ ಎಚ್ಚರ. ಹಿಡಿಯ ಬಣ್ಣ ಉಬ್ಬಿನಲ್ಲಿ ಹೋಗಿ ತಗ್ಗಿನಲ್ಲಿ ಉಳಿದಿರಬೇಕು. ಅಲಗಿನ ಉದ್ದಕ್ಕೂ ಇರುವ ಕಾಲುವೆ ಒಂದೇ ಆಳ, ನೇರ ಅಂಚು. ನಕಲಿಯಲ್ಲಿ ಅದು ಅಲೆಅಲೆಯಾಗಿ ಹೋಗುತ್ತದೆ, ಅಂಕಿಗಳು ಆಳವಾಗಿ ಸೊಟ್ಟಗೆ ಬಿದ್ದಿರುತ್ತವೆ.

ಹಂತ 8: ತೀರ್ಪನ್ನು ಭಾಗಭಾಗವಾಗಿ ಬರೆಯಿರಿ

‘ಅಸಲಿ’ ಅಥವಾ ‘ನಕಲಿ’ ಎಂದು ಒಂದೇ ಪದದಲ್ಲಿ ಬರೆಯಬೇಡಿ. ಹೀಗೆ ಬರೆಯಿರಿ: 98ನೇ ಮಾದರಿ; ಅಲಗು ಮತ್ತು ಹಿಡಿ ಮೂಲ ಜೋಡಿ, ತುಕ್ಕಿನ ಕಲೆ ಹೊಂದುತ್ತದೆ; ಬಿಲ್ಲೆ ಎಂಟರಲ್ಲಿ ಏಳಕ್ಕೆ ಒಂದೇ ಅಂಕಿ, ಒಂದು ಬದಲಿ; ಒರೆ ಮೂಲದ್ದು, ಬಣ್ಣ ಮತ್ತೆ ಬಳಿದದ್ದು; ಕುಚ್ಚಿನ ಬಗ್ಗೆ ಹೇಳಲಾಗದು. ಕೊಳ್ಳುವವರಿಗೂ ಮನೆಯ ಮುಂದಿನ ತಲೆಮಾರಿಗೂ ಉಪಯೋಗಕ್ಕೆ ಬರುವುದು ಇಂಥ ಬರಹ.

ಮನೆಯ ಮಾತಿಗೂ ಒಂದು ಸಾಲು ಕೊಡಿ, ಆದರೆ ಬೇರೆಯಾಗಿ. ಬರ್ಮಾದಲ್ಲಿ ಕಾದಾಡಿದ ಭಾರತೀಯ ಸೈನಿಕರು ಬಹಳ. ಯುದ್ಧ ಮುಗಿದ ಮೇಲೆ ಜಪಾನಿನಲ್ಲೇ ಇದ್ದ 268ನೇ ಭಾರತೀಯ ಬ್ರಿಗೇಡನ್ನು ಮುನ್ನಡೆಸಿದವರು ಕೊಡಗಿನ ಕೆ.ಎಸ್. ತಿಮ್ಮಯ್ಯ. ಹಾಗಾಗಿ ‘ಅಜ್ಜ ತಂದದ್ದು’ ಎಂಬ ಮಾತು ನಿಜವಿರಬಹುದು. ಅಜ್ಜನ ಸೇವಾ ಪುಸ್ತಕದಲ್ಲಿ ಆ ಊರು, ಆ ವರ್ಷ ಇದೆಯೇ ನೋಡಿ. ಇದ್ದರೂ ಅದು ಕತ್ತಿ ಬಂದ ದಾರಿಯನ್ನು ಹೇಳುತ್ತದೆಯೇ ಹೊರತು ಬಿಲ್ಲೆ ಬದಲಾಗಿಲ್ಲ ಎಂದು ಹೇಳುವುದಿಲ್ಲ.

ಸಾಣೆ ಹಿಡಿಸಲು ಜಪಾನಿಗೆ ಒಯ್ಯುವ ಯೋಚನೆಯಿದ್ದರೆ ಒಂದು ಎಚ್ಚರಿಕೆ: ಸಾಂಪ್ರದಾಯಿಕವಾಗಿ ಬಡಿದು ಮಾಡದ ಯುದ್ಧಕಾಲದ ಅಲಗುಗಳಿಗೆ ಅಲ್ಲಿ ನೋಂದಣಿ ಸಿಗುವುದಿಲ್ಲ, ನೋಂದಣಿಯಾಗದ ಕತ್ತಿ ಕೈತಪ್ಪುತ್ತದೆ. ನೂರು ವರ್ಷ ದಾಟಿದ ಅಲಗಿಗೆ ನಮ್ಮ 1972ರ ಪುರಾತನ ವಸ್ತುಗಳ ಕಾಯ್ದೆಯೂ ಅಡ್ಡ ಬರಬಹುದು. ಮೊದಲು ವಿಚಾರಿಸಿ.

ಹಂತ 9: ಮತ್ತೆ ಜೋಡಿಸುವುದು

ಚಿತ್ರ ನೋಡಿಕೊಂಡು ಬಿಲ್ಲೆಗಳನ್ನು ಅದೇ ಕ್ರಮದಲ್ಲಿ, ಅದೇ ಮುಖವಾಗಿ ಕೂರಿಸಿ. ಒಂದು ತಿರುವುಮುರುವಾದರೂ ಆಣಿತೂತು ಕೂದಲೆಳೆಯಷ್ಟು ಸರಿಯುತ್ತದೆ. ಹಿಡಿ ತೊಡಿಸಿ, ಹಿಡಿಯ ತುದಿಯನ್ನು ಅಂಗೈಯಿಂದ ತಟ್ಟಿ, ಆಣಿಯನ್ನು ಬಂದ ಕಡೆಯಿಂದಲೇ ಹಾಕಿ. ಹಳೆಯ ಆಣಿ ಸೀಳಿದ್ದರೆ ಬಲಿತು ಒಣಗಿದ ಬಿದಿರಿನಿಂದ ಹೊಸದು ಕೆತ್ತಿ, ಎಳೆಗಳು ಉದ್ದುದ್ದಕ್ಕಿರಲಿ, ಹಳೆಯದನ್ನು ಚೀಟಿ ಹಚ್ಚಿ ಎತ್ತಿಡಿ. ಹೆಬ್ಬೆರಳಿನಿಂದ ಒತ್ತಿದಾಗ ಆಣಿ ಜಾರಿದರೆ ಅದು ಬಿಗಿಯಾಗುವವರೆಗೆ ಆ ಕತ್ತಿಯನ್ನು ಒರೆಯಿಂದ ಹಿರಿಯಬೇಡಿ, ಬೇರೆಯವರ ಕೈಗೆ ಕೊಡಲೂಬೇಡಿ.